ಜಪಸರ ಹೇಳುವಾಗ ತೂಕಡಿಸುತ್ತೇನೆ, ಗುಂಪು ಬಿಟ್ಟುಬಿಡಲೇ?

ಪ್ರಶ್ನೆ: ಸಿಸ್ಟರ್, ನನಗೆ 69 ವರ್ಷ. ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಯಿತು. ನಮ್ಮ ಧರ್ಮಕೇಂದ್ರದ ಒಂಬತ್ತು ಹೆಂಗಸರು ಹದಿನಾರು ವರ್ಷದ ಹಿಂದೆ ಒಂದು ಗುಂಪು ಮಾಡಿಕೊಂಡೆವು. ಪ್ರತಿ ಮಂಗಳವಾರ ಸೇರಿ ಜಪಸರ, ಅಂದರೆ ಮಣಿ ಎಣಿಸುತ್ತಾ ಮರಿಯಮ್ಮನವರ ಪ್ರಾರ್ಥನೆ, ಹೇಳುತ್ತೇವೆ. ಒಬ್ಬರು ತೀರಿಕೊಂಡರು. ಇಬ್ಬರು ಮನೆಯಿಂದ ಹೊರಗೆ ಬರಲಾರರು. ಈಗ ಬರುವವರು ಆರು ಜನ. ಈಚೆಗೆ ನನಗೆ ಪ್ರಾರ್ಥನೆಯಲ್ಲಿ ಏನೂ ಅನ್ನಿಸುವುದಿಲ್ಲ. ಬಾಯಿ ಹೇಳುತ್ತಿರುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಯೇಸು, ಮರಿಯಮ್ಮನವರ ಬದುಕಿನ ಒಂದೊಂದು ಘಟನೆ ನೆನೆದು ಹೇಳುವ ಐದು ಭಾಗಗಳಲ್ಲಿ, ಅಂದರೆ ರಹಸ್ಯಗಳಲ್ಲಿ, ಮೂರನೆಯದಕ್ಕೆ ಬರುವಷ್ಟರಲ್ಲಿ ತೂಕಡಿಕೆ. ಜಪಸರ ಮುಗಿದ ಮೇಲೆ ಮಾತು ಶುರುವಾದರೆ ಅವರಿವರ ಮನೆ ಸುದ್ದಿಯೇ. ಹೋಗುವಾಗ ಇದ್ದದ್ದಕ್ಕಿಂತ ಜಾಸ್ತಿ ಭಾರ ಹೊತ್ತು ಮನೆಗೆ ಬರುತ್ತೇನೆ. ಗುಂಪು ಬಿಟ್ಟು ಮನೆಯಲ್ಲೇ ಒಬ್ಬಳೇ ಪ್ರಾರ್ಥಿಸಿದರೆ ತಪ್ಪಾ? ಇನ್ನೊಂದು ಮಾತು. ನನ್ನ ಮಗ ಚರ್ಚಿಗೆ ಹೋಗುವುದನ್ನು ಬಿಟ್ಟು ಹತ್ತು ವರ್ಷವಾಯಿತು. ನನ್ನಂಥವಳ ಇಂಥ ಪ್ರಾರ್ಥನೆಯಿಂದ ಅವನಿಗೆ ಏನಾದರೂ ಆಗುತ್ತದಾ?

ಉತ್ತರ: ನಿಮ್ಮನ್ನು ತಂಗಿ ಅಂತ ಕರೆಯುತ್ತೇನೆ. ನನಗೆ 76, ಅಷ್ಟು ಸಲಿಗೆ ತೆಗೆದುಕೊಳ್ಳಬಹುದು ಅಂದುಕೊಂಡಿದ್ದೇನೆ. ಕಾನ್ವೆಂಟ್ ಸೇರಿ ಐವತ್ತು ವರ್ಷ ದಾಟಿತು. ಕಡೆಯ ಇಪ್ಪತ್ತು ವರ್ಷ ವಯಸ್ಸಾದ ಹೆಂಗಸರ ಪ್ರಾರ್ಥನಾ ಗುಂಪುಗಳ ಜೊತೆಯಲ್ಲೇ ಕಳೆದಿದ್ದೇನೆ. ಜಪಸರ ಹಿಡಿದುಕೊಂಡೇ ನಿದ್ದೆ ಹೋದವರ ಪಟ್ಟಿ ಮಾಡಿದರೆ ನನ್ನ ಹೆಸರು ಮೇಲೆಯೇ ಇರುತ್ತದೆ. ಹಾಗಾಗಿ ಸಂಕೋಚ ಬೇಡ.

ಮೊದಲು ನೇರ ಉತ್ತರ. ಒಬ್ಬಳೇ ಪ್ರಾರ್ಥಿಸುವುದು ತಪ್ಪಲ್ಲ. ಜಪಸರ ಭಾನುವಾರದ ಬಲಿಪೂಜೆಯ ಹಾಗೆ ಕಡ್ಡಾಯವೂ ಅಲ್ಲ. ಮಂಗಳವಾರ ಹೋಗಲಿಲ್ಲ ಅಂತ ಪಾಪನಿವೇದನೆಯಲ್ಲಿ ಹೇಳಿಕೊಳ್ಳುವಂಥದ್ದು ಏನಿಲ್ಲ. ಆದರೂ ಈಗ ಬಿಡಬೇಡಿ ಅಂತಲೇ ನಾನು ಹೇಳುವುದು. "ಈಗ" ಅನ್ನುವ ಮಾತನ್ನು ಗಮನಿಸಿ. ಮನಸ್ಸು ಒಣಗಿದ ಹೊತ್ತಿನಲ್ಲಿ, ಚೆನ್ನಾಗಿದ್ದಾಗ ಮಾಡಿದ ತೀರ್ಮಾನವನ್ನು ಬದಲಿಸಬಾರದು ಅಂತ ಸಂತ ಇಗ್ನೇಷಿಯಸ್ ಲೊಯೋಲಾ ಒಂದು ನಿಯಮ ಬರೆದಿಟ್ಟಿದ್ದಾರೆ. ಅವರು ಸೈನಿಕರಾಗಿದ್ದವರು. ಕತ್ತಲಲ್ಲಿ ದಾರಿ ಬದಲಿಸಿದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತಿತ್ತು. ಹದಿನಾರು ವರ್ಷದ ಹಿಂದೆ ನೀವು ಗುಂಪು ಸೇರಿದ್ದು ಚೆನ್ನಾಗಿದ್ದ ಕಾಲದಲ್ಲಿ ಅಲ್ವಾ? ಬಿಡುವುದಿದ್ದರೆ ಅದೂ ಅಂಥದೇ ಒಂದು ಕಾಲದಲ್ಲಿ ಆಗಲಿ.

ಇನ್ನೊಂದು ಕಾರಣವಿದೆ. ನನಗೆ ಅದು ಇದಕ್ಕಿಂತ ದೊಡ್ಡದು.

ನಿಮ್ಮ ಗುಂಪಿನಲ್ಲಿ ಜಪಸರ ಹೇಗೆ ಹೇಳುತ್ತೀರಿ ಅಂತ ನೆನಪು ಮಾಡಿಕೊಳ್ಳಿ. ಒಬ್ಬರು "ನಮೋ ಮರಿಯ" ಅಂತ ಶುರು ಮಾಡಿ ಅರ್ಧಕ್ಕೆ ನಿಲ್ಲಿಸುತ್ತಾರೆ. ಉಳಿದವರು "ಸಂತ ಮರಿಯ" ಅಂತ ಎತ್ತಿಕೊಂಡು ಮುಗಿಸುತ್ತಾರೆ. ಐದು ರಹಸ್ಯದ ಜಪಸರದಲ್ಲಿ 53 ನಮೋ ಮರಿಯ ಬರುತ್ತವೆ. ಅದರಲ್ಲಿ ಒಂದನ್ನೂ ಯಾರೂ ಒಬ್ಬರೇ ಪೂರ್ತಿ ಹೇಳುವುದಿಲ್ಲ. ಅರ್ಧ ನಿಮ್ಮದು, ಅರ್ಧ ಪಕ್ಕದವರದು. ನೀವು ತೂಕಡಿಸಿದ ಹೊತ್ತಿನಲ್ಲಿ ನಿಮ್ಮ ಅರ್ಧವನ್ನು ಉಳಿದ ಐದು ಜನ ಹೊತ್ತಿರುತ್ತಾರೆ. ಮುಂದಿನ ವಾರ ಅವರಲ್ಲೊಬ್ಬರ ಗಂಟಲು ಕಟ್ಟಿದಾಗ ಅವರ ಪಾಲನ್ನು ನೀವು ಹೊರುತ್ತೀರಿ. ಮನೆಯಲ್ಲಿ ಒಬ್ಬರೇ ಕೂತರೆ ಎರಡೂ ಅರ್ಧ ನಿಮ್ಮ ತಲೆಯ ಮೇಲೆಯೇ ಬೀಳುತ್ತವೆ. ಈಗಲೇ ಸುಸ್ತಾಗಿರುವವರು ನೀವು. ಭಾರ ಜಾಸ್ತಿ ಮಾಡಿಕೊಳ್ಳುವುದು ಯಾಕೆ?

ಇದು ನನ್ನ ಸ್ವಂತ ಬುದ್ಧಿಯೇನಲ್ಲ. ಫ್ರಾನ್ಸಿನ ಲಿಸ್ಯೂವಿನ ಸನ್ಯಾಸಿನಿ ತೆರೇಸಾ, ನಾವು ಪ್ರೀತಿಯಿಂದ ಚಿಕ್ಕ ತೆರೇಸಾ ಅನ್ನುವವರು, ತಮ್ಮ ಬರಹದಲ್ಲಿ ಇದನ್ನೇ ಒಪ್ಪಿಕೊಂಡಿದ್ದಾರೆ. ಎಲ್ಲರೂ ಸೇರಿ ಹೇಳುವ ಪ್ರಾರ್ಥನೆ ಅವರಿಗೆ ಇಷ್ಟ. ತನ್ನಲ್ಲಿ ಇಲ್ಲದ ಭಕ್ತಿಯನ್ನು ಜೊತೆಯ ಸಿಸ್ಟರ್‌ಗಳ ಭಕ್ತಿ ತುಂಬಿಕೊಡುತ್ತದೆ ಅನ್ನುತ್ತಾರೆ. ಒಬ್ಬಳೇ ಜಪಸರ ಹೇಳುವುದೋ? ದೇಹ ದಂಡಿಸುವ ಸಾಧನವನ್ನು ತೊಡುವುದಕ್ಕಿಂತ ಅದು ಕಷ್ಟ, ಹೇಳಿಕೊಳ್ಳಲು ನಾಚಿಕೆ ಅಂತಲೂ ಬರೆದಿದ್ದಾರೆ. ಧರ್ಮಸಭೆ ಪಂಡಿತೆ ಅಂತ ಗೌರವಿಸುವ ಸಂತರು ಇವರು. 1997ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಆ ಗೌರವ ಕೊಟ್ಟರು. ಅಂಥವರಿಗೇ ಒಂಟಿ ಜಪಸರ ಅಷ್ಟು ಕಷ್ಟವಾಗಿದ್ದರೆ, ನಾವು ನೀವು ಯಾವ ಲೆಕ್ಕ?

ನಮೋ ಮರಿಯ ಪ್ರಾರ್ಥನೆ ಹುಟ್ಟಿದ್ದೂ ಇಬ್ಬರು ಹೆಂಗಸರ ನಡುವೆಯೇ. ಮೊದಲ ಮಾತು ಗಬ್ರಿಯೇಲ ದೂತನದು, ಸರಿ. ಆದರೆ "ಸ್ತ್ರೀಯರಲ್ಲಿ ಧನ್ಯಳು" ಅನ್ನುವ ಮಾತು ಎಲಿಜಬೇತಮ್ಮನವರದು. ಲೂಕನ ಶುಭಸಂದೇಶದ ಮೊದಲ ಅಧ್ಯಾಯ ತೆಗೆದು ಓದಿ, ಆ ಮನೆ ಹೇಗಿತ್ತು ನೋಡಿ. ಎಲಿಜಬೇತಮ್ಮನವರಿಗೆ ವಯಸ್ಸಾಗಿತ್ತು. ಐದು ತಿಂಗಳು ಹೊರಗೆ ಕಾಣಿಸಿಕೊಳ್ಳದೆ ಇದ್ದರು. ಗಂಡ ಜಕರೀಯನಿಗೆ ಮಾತು ನಿಂತುಹೋಗಿತ್ತು. ಉತ್ತರ ಕೊಡುವವರಿಲ್ಲದ ಮನೆ. ಅಂಥ ಮನೆಯ ಬಾಗಿಲಿಗೆ ಇನ್ನೊಬ್ಬಳು ಹೆಣ್ಣುಮಗಳು ಬಂದು ನಮಸ್ಕಾರ ಹೇಳಿದಳು. ಆಗ ಆ ವಯಸ್ಸಾದವರ ಬಾಯಿಂದ ಗಟ್ಟಿಯಾಗಿ ಹೊರಟ ಮಾತನ್ನೇ ನಾವು ಇವತ್ತಿಗೂ ಮಣಿ ಎಣಿಸುತ್ತಾ ಹೇಳುತ್ತಿದ್ದೇವೆ. ಯಜಮಾನರು ಹೋದ ಮೇಲೆ ನಿಮ್ಮ ಮನೆಯಲ್ಲೂ ಉತ್ತರ ಕೊಡುವ ದನಿ ಇಲ್ಲ. ಮಂಗಳವಾರ ಅದು ಇನ್ನೊಂದು ಕಡೆಯಿಂದ ಬರುತ್ತದೆ. ಅದನ್ನು ಕಳೆದುಕೊಳ್ಳಬೇಡಿ.

ಎರಡನೇ ಅರ್ಧ, "ನಮಗಾಗಿ ಪ್ರಾರ್ಥಿಸಿ" ಅನ್ನುವ ಭಾಗ, ಬಹಳ ಆಮೇಲೆ ಸೇರಿದ್ದು. ಪೋಪ್ ಐದನೇ ಪಯಸ್ 1568ರಲ್ಲಿ ಹೊರಡಿಸಿದ ಪ್ರಾರ್ಥನಾ ಪುಸ್ತಕದಲ್ಲಿ ಅದರ ಇಂದಿನ ರೂಪ ಗಟ್ಟಿಯಾಯಿತು. ಅಲ್ಲಿ ಎರಡು ಹೊತ್ತುಗಳ ಹೆಸರು ಬರುತ್ತದೆ. ಒಂದು ಈಗ, ಇನ್ನೊಂದು ನಮ್ಮ ಮರಣದ ಗಳಿಗೆ. ಇಪ್ಪತ್ತರ ವಯಸ್ಸಿನಲ್ಲಿ ಆ ಎರಡನೇ ಮಾತು ನನ್ನ ನಾಲಿಗೆಯ ಮೇಲೆ ಸುಮ್ನೆ ಜಾರಿಹೋಗುತ್ತಿತ್ತು. ಈಗ ಹಾಗಲ್ಲ. ಎರಡರ ನಡುವಿನ ಅಂತರ ವರ್ಷವರ್ಷಕ್ಕೂ ಕಮ್ಮಿಯಾಗುತ್ತಿದೆ. ಗುಂಪಿನಲ್ಲಿ ಆ ಮಾತು ಬಂದಾಗ ಒಮ್ಮೆ ದನಿಗಳನ್ನು ಕೇಳಿಸಿಕೊಳ್ಳಿ. ಎಲ್ಲರೂ ತುಸು ನಿಧಾನವಾಗುತ್ತಾರೆ. ನಿಮಗೆ ಏನೂ ಅನ್ನಿಸುತ್ತಿಲ್ಲ ಅಂದಿರಲ್ಲ, ಅಲ್ಲಿ ಒಂದು ಕ್ಷಣ ಕಿವಿ ಕೊಡಿ.

ಈಗ ತೂಕಡಿಕೆಗೆ ಬರೋಣ. ನೀವು ಸೇರುವುದು ಮಂಗಳವಾರ. ಅಂದರೆ ದುಃಖದ ರಹಸ್ಯಗಳ ದಿನ. ಮೊದಲನೆಯದೇ ಗೆತ್ಸೆಮನೆಯ ತೋಟ. ಅಲ್ಲಿ ಏನಾಯಿತು? ಯೇಸುಸ್ವಾಮಿ ರಕ್ತದಂತೆ ಬೆವರುತ್ತಾ ಪ್ರಾರ್ಥಿಸುತ್ತಿದ್ದಾಗ ಶಿಷ್ಯರು ನಿದ್ದೆ ಹೋಗಿದ್ದರು. ಯಾಕೆ ಅಂತ ಲೂಕ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾನೆ: ದುಃಖದಿಂದ. ಸೋಮಾರಿತನದಿಂದ ಅಂತ ಬರೆದಿಲ್ಲ, ಭಕ್ತಿ ಸಾಲದು ಅಂತಲೂ ಬರೆದಿಲ್ಲ. ದುಃಖ ಮನುಷ್ಯನನ್ನು ಮಲಗಿಸುತ್ತದೆ ಅಂತ ಅವನಿಗೆ ಗೊತ್ತಿತ್ತು. ನಾಲ್ಕು ವರ್ಷ ಅಂದರೆ ಬಹಳ ದಿನವಾಯಿತು ಅಂತ ಸುತ್ತಲಿನವರು ಅಂದುಕೊಳ್ಳುತ್ತಾರೆ. ಗಂಡನ ಜೊತೆ ಜೀವಮಾನ ಕಳೆದವರಿಗೆ ಅದು ಬಹಳ ದಿನವೇನಲ್ಲ. ಯೇಸು ಮೂರು ಸಲ ಬಂದು ನೋಡಿದರು, ನೊಂದುಕೊಂಡರು, ಎಬ್ಬಿಸಿದರು. ಮಲಗಿದವರನ್ನು ಅಲ್ಲಿಂದ ಓಡಿಸಲಿಲ್ಲ.

ಚಿಕ್ಕ ತೆರೇಸಾ ಪ್ರಾರ್ಥನೆಯ ಹೊತ್ತಿನಲ್ಲಿ ಏಳು ವರ್ಷ ನಿದ್ದೆ ಮಾಡಿದೆ ಅಂತ ಬರೆದಿದ್ದಾರೆ. ಅದಕ್ಕಾಗಿ ಅವರು ಕುಗ್ಗಲಿಲ್ಲ. ಮಕ್ಕಳು ಎದ್ದಿದ್ದರೂ ಮಲಗಿದ್ದರೂ ತಂದೆತಾಯಿಗೆ ಒಂದೇ ಪ್ರೀತಿ ಅಂತ ಅವರ ವಾದ. ವೈದ್ಯರು ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಯನ್ನು ಮಲಗಿಸುವುದಿಲ್ಲವೇ ಅಂತಲೂ ಕೇಳುತ್ತಾರೆ. ಆಗ ಅವರಿಗೆ ಇಪ್ಪತ್ತು ದಾಟಿತ್ತು ಅಷ್ಟೇ. ನಮಗೆ ಇನ್ನಷ್ಟು ರಿಯಾಯಿತಿ ಸಿಗಬೇಕು!

ಹಾಗಂತ ತೂಕಡಿಕೆಯನ್ನೆಲ್ಲ ಆಧ್ಯಾತ್ಮಕ್ಕೆ ಕಟ್ಟಬೇಡಿ. ಅಲರ್ಜಿಗೆ, ನೋವಿಗೆ, ರಾತ್ರಿ ನಿದ್ದೆಗೆ ಕೊಡುವ ಕೆಲವು ಮಾತ್ರೆಗಳು ಹಗಲಲ್ಲೂ ಮಂಪರು ತರುತ್ತವೆ. ಈಚೆಗೆ ಮಾತ್ರೆ ಏನಾದರೂ ಬದಲಾಯಿತೇ ನೋಡಿ, ವೈದ್ಯರನ್ನು ಕೇಳಿ. ಗುಂಪು ಊಟದ ಮೇಲಿನ ಹೊತ್ತಿಗೆ ಸೇರುತ್ತಿದ್ದರೆ ಬೆಳಗ್ಗೆಗೆ ಬದಲಿಸಬಹುದಾ ಅಂತ ಕೇಳಿ. ಇನ್ನೊಂದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಪ್ರಾರ್ಥನೆ ಮಾತ್ರ ಒಣಗಿದ್ದರೆ ಅದು ಒಂದು ವಿಷಯ. ಊಟ ಸೇರುವುದಿಲ್ಲ, ರಾತ್ರಿ ನಿದ್ದೆ ಇಲ್ಲ, ಮೊದಲು ಇಷ್ಟವಾಗುತ್ತಿದ್ದ ಯಾವುದರ ಮೇಲೂ ಆಸೆ ಇಲ್ಲ, ಯಾರ ಜೊತೆಗೂ ಮಾತು ಬೇಡ, ಬದುಕೇ ಸಾಕು ಅನ್ನಿಸುತ್ತದೆ, ಹೀಗೆಲ್ಲ ಇದ್ದರೆ ಅದು ಖಿನ್ನತೆ ಇರಬಹುದು. ಅದು ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ. ಅದನ್ನು ನಂಬಿಕೆಯ ಕೊರತೆ ಅಂದುಕೊಂಡು ಇನ್ನೂ ನಾಲ್ಕು ಜಪಸರ ಜಾಸ್ತಿ ಹೇಳಿ ಸುಧಾರಿಸಿಕೊಳ್ಳಲು ಹೋದವರನ್ನು ನಾನು ನೋಡಿದ್ದೇನೆ. ತುಂಬಾ ನರಳಿದರು. ಮೊದಲು ವೈದ್ಯರ ಹತ್ತಿರ ಹೋಗಿ. ಜಪಸರ ಎಲ್ಲಿಗೂ ಓಡಿಹೋಗುವುದಿಲ್ಲ.

ಬರೀ ಪ್ರಾರ್ಥನೆಯಷ್ಟೇ ಒಣಗಿದ್ದರೆ ನೀವು ಒಳ್ಳೆಯವರ ಸಾಲಿನಲ್ಲೇ ಇದ್ದೀರಿ. ಆವಿಲಾದ ತೆರೇಸಾ 16ನೇ ಶತಮಾನದವರು, ಪ್ರಾರ್ಥನೆಯ ವಿಷಯದಲ್ಲಿ ಧರ್ಮಸಭೆಗೇ ಪಾಠ ಹೇಳಿದವರು. ಅವರು ಸುಮಾರು ಹದಿನೆಂಟು ವರ್ಷ ಈ ಬರಗಾಲ ಅನುಭವಿಸಿದರು. ಎಷ್ಟೋ ಸಲ ಪ್ರಾರ್ಥನೆಗಿಂತ ಗಂಟೆ ಯಾವಾಗ ಹೊಡೆಯುತ್ತದೆ ಅನ್ನುವ ಕಡೆಗೇ ತಮ್ಮ ಗಮನ ಇತ್ತು ಅಂತ ನಾಚಿಕೆ ಬಿಟ್ಟು ಬರೆದಿದ್ದಾರೆ. ಪ್ರಾರ್ಥನೆ ಅಂದರೆ ನಮ್ಮನ್ನು ಪ್ರೀತಿಸುವವರ ಜೊತೆ ಸ್ನೇಹಿತರ ಹಾಗೆ ಮಾತಾಡುವುದು ಅಂತ ಹೇಳಿದ್ದೂ ಅವರೇ. ಸ್ನೇಹಿತರ ಜೊತೆ ದಿನಾ ಹೊಸ ಮಾತು ಇರುತ್ತದಾ? ಎಷ್ಟೋ ದಿನ ಸುಮ್ನೆ ಪಕ್ಕದಲ್ಲಿ ಕೂತಿರುತ್ತೇವೆ. ಇನ್ನು ಮದರ್ ತೆರೇಸಾ. ಅವರು ತೀರಿಕೊಂಡು ಹತ್ತು ವರ್ಷದ ಮೇಲೆ, 2007ರಲ್ಲಿ ಅವರ ಕಾಗದಗಳು ಅಚ್ಚಾದವು. ಅಷ್ಟು ನಗುಮುಖದವರ ಒಳಗೆ ದಶಕಗಟ್ಟಲೆ ಕತ್ತಲೆ ಇತ್ತು ಅಂತ ಆಗಲೇ ಹೆಚ್ಚಿನವರಿಗೆ ಗೊತ್ತಾದದ್ದು.

ಮನೆಯಲ್ಲಿ ಒಬ್ಬರೇ ಇದ್ದಾಗ ಏನು ಮಾಡಬೇಕು ಅಂದರೆ, ಕಮ್ಮಿ ಮಾಡಿ. ಇಡೀ ಜಪಸರ ಬೇಡ, ಒಂದೇ ರಹಸ್ಯ ಸಾಕು, ಚೆನ್ನಾಗಿ ಎಚ್ಚರ ಇರುವ ಹೊತ್ತಿನಲ್ಲಿ. ಚಿಕ್ಕ ತೆರೇಸಾ ಮನಸ್ಸು ತೀರಾ ಒಣಗಿದಾಗ "ಪರಲೋಕದಲ್ಲಿರುವ ನಮ್ಮ ತಂದೆಯೇ" ಪ್ರಾರ್ಥನೆಯನ್ನು, ಆಮೇಲೆ ನಮೋ ಮರಿಯವನ್ನು ಬಹಳ ನಿಧಾನವಾಗಿ ಹೇಳುತ್ತಿದ್ದರು, ಅಷ್ಟೇ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಬರದಿದ್ದರೆ 70ನೇ ಕೀರ್ತನೆಯ ಮೊದಲ ಸಾಲು ಹಿಡಿದುಕೊಳ್ಳಿ. ದೇವರೇ, ನನ್ನ ನೆರವಿಗೆ ಬೇಗ ಬಾ ಅನ್ನುವ ಅರ್ಥದ್ದು. ಮರುಭೂಮಿಯ ಸನ್ಯಾಸಿಗಳು ಹಗಲೂ ರಾತ್ರಿ ಆ ಒಂದೇ ಸಾಲನ್ನು ಹೇಳುತ್ತಿದ್ದರು ಅಂತ ಜಾನ್ ಕ್ಯಾಸಿಯನ್ 5ನೇ ಶತಮಾನದಲ್ಲಿ ಬರೆದಿದ್ದಾರೆ. ಅದರ ಮುಂದಿನ 71ನೇ ಕೀರ್ತನೆ ನಮ್ಮ ವಯಸ್ಸಿನವರದೇ. ಮುಪ್ಪಿನಲ್ಲಿ ನನ್ನನ್ನು ತಳ್ಳಿಬಿಡಬೇಡ, ಶಕ್ತಿ ಕುಂದಿದಾಗ ಕೈಬಿಡಬೇಡ ಅಂತ ದೇವರನ್ನೇ ತರಾಟೆಗೆ ತೆಗೆದುಕೊಳ್ಳುವಂಥದ್ದು. ಸಿಟ್ಟು ಬಂದಿದ್ದರೆ ಸಿಟ್ಟಿನಲ್ಲೇ ಓದಿ.

ಇನ್ನು ಸುದ್ದಿಯ ವಿಷಯ. ಇದು ನಿಮ್ಮ ಗುಂಪಿನದೊಂದೇ ರೋಗವಲ್ಲ, ಹಳೆಯದು. ಬೈಬಲಿನಲ್ಲಿ ತಿಮೊಥೇಯನಿಗೆ ಬರೆದ ಮೊದಲ ಪತ್ರದಲ್ಲಿ, ಮನೆಮನೆ ಸುತ್ತಿ ಹರಟುತ್ತಾರೆ ಅಂತ ಬೈಸಿಕೊಂಡವರು ಚಿಕ್ಕ ವಯಸ್ಸಿನ ವಿಧವೆಯರು. ಅದನ್ನು ಓದಿ ನಮ್ಮ ಗುಂಪಿನ ಒಬ್ಬರು, ನೋಡಿ ನಾವಲ್ಲ ಅಂತ ಖುಷಿಪಟ್ಟರು. ತೀತನಿಗೆ ಬರೆದ ಪತ್ರ ತೆಗೆದು ತೋರಿಸಿದೆ. ಅಲ್ಲಿ ವಯಸ್ಸಾದ ಹೆಂಗಸರಿಗೂ ಚಾಡಿ ಹೇಳಬೇಡಿ ಅಂತ ಇದೆ. ಆಮೇಲೆ 2ನೇ ಶತಮಾನದಲ್ಲಿ ಸ್ಮಿರ್ನಾದ ಬಿಷಪ್ ಪಾಲಿಕಾರ್ಪ್ ಬರೆದ ಒಂದು ಪತ್ರವಿದೆ. ಅದರಲ್ಲಿ ಅವರು ವಿಧವೆಯರನ್ನು ದೇವರ ಬಲಿಪೀಠ ಅನ್ನುತ್ತಾರೆ. ಎಲ್ಲರಿಗಾಗಿ ಬಿಡದೆ ಪ್ರಾರ್ಥಿಸುವವರು, ಅದಕ್ಕೇ ಚಾಡಿ ಮಾತಿನಿಂದ ದೂರ ಇರಬೇಕು ಅಂತ ಎರಡನ್ನೂ ಒಟ್ಟಿಗೇ ಹೇಳುತ್ತಾರೆ. ನನಗೆ ಆ ಜೋಡಣೆ ಬಹಳ ಹಿಡಿಸಿತು. ಪ್ರಾರ್ಥನೆಗೆ ಬೇಕಾದದ್ದೂ ಸುದ್ದಿಗೆ ಬೇಕಾದದ್ದೂ ಒಂದೇ ಸರಕು: ಇನ್ನೊಬ್ಬರ ಮನೆಯ ಕಷ್ಟ.

ಅದಕ್ಕೇ ಗುಂಪುಗಳಲ್ಲಿ ಸುದ್ದಿ ತಲೆಗೆ ಮುಸುಕು ಹಾಕಿಕೊಂಡು ಬರುತ್ತದೆ. "ಪಾಪ, ಅವರ ಮಗಳಿಗಾಗಿ ಪ್ರಾರ್ಥಿಸಿ, ಯಾಕೆ ಅಂತ ಗೊತ್ತಲ್ಲ..." ಅಂತ ಶುರುವಾಗುತ್ತದೆ. ಆ "ಗೊತ್ತಲ್ಲ" ಇದೆಯಲ್ಲ, ಅಲ್ಲಿಗೆ ಪ್ರಾರ್ಥನೆ ಮುಗಿಯಿತು. ನಾನು ಹೋದ ಗುಂಪುಗಳಲ್ಲಿ ಒಂದೇ ಒಂದು ಕಟ್ಟು ಹಾಕುತ್ತಿದ್ದೆ. ಇನ್ನೊಬ್ಬರ ವಿಷಯವನ್ನು, ಅವರು ಹೇಳಿ ಅಂತ ಕೇಳಿಕೊಂಡಿದ್ದರೆ ಮಾತ್ರ ಇಲ್ಲಿ ಹೇಳಬೇಕು. ಇಲ್ಲದಿದ್ದರೆ "ಒಬ್ಬರಿಗಾಗಿ" ಅಂದರೆ ಸಾಕು. ದೇವರಿಗೆ ವಿಳಾಸ ಗೊತ್ತು. ಮೊದಲ ಎರಡು ವಾರ ಎಲ್ಲರಿಗೂ ಮುನಿಸು. ಮೂರನೇ ವಾರ ಒಬ್ಬರು ತಮ್ಮ ಸ್ವಂತ ಕಷ್ಟ ಬಾಯಿಬಿಟ್ಟರು. ಹನ್ನೊಂದು ವರ್ಷದಿಂದ ಒಟ್ಟಿಗೆ ಪ್ರಾರ್ಥಿಸುತ್ತಿದ್ದರೂ ಅದು ಯಾರಿಗೂ ಗೊತ್ತಿರಲಿಲ್ಲ. ತಮ್ಮದನ್ನು ಹೇಳಿಕೊಳ್ಳಲು ಹೆದರಿಕೆ ಇದ್ದ ಕಡೆ ಜನ ಬೇರೆಯವರದನ್ನು ಹೇಳುತ್ತಾರೆ. ನಿಮ್ಮ ಗುಂಪಿನಲ್ಲೂ ಹಾಗೇ ಇರಬಹುದು. ನಿಮ್ಮ ಒಣಗಿದ ಪ್ರಾರ್ಥನೆಯ ವಿಷಯವನ್ನು ನನಗೆ ಬರೆದಿದ್ದೀರಿ. ಆ ಐದು ಜನರಲ್ಲಿ ಒಬ್ಬರಿಗಾದರೂ ಹೇಳಿದ್ದೀರಾ?

ಆವಿಲಾದ ತೆರೇಸಾ ಇದನ್ನೂ ಬಯಸಿದ್ದರು. ಪ್ರಾರ್ಥನೆ ಮಾಡುವವರು ಅದೇ ದಾರಿಯ ಸ್ನೇಹಿತರನ್ನು ಹುಡುಕಿಕೊಳ್ಳಬೇಕು, ಒಂಟಿಯಾಗಿ ಇರುವುದು ಅಪಾಯ ಅಂತ ಬರೆದರು. ಅವರಿಗೂ ಐದು ಜನರ ಒಂದು ಚಿಕ್ಕ ಬಳಗವಿತ್ತು. ಆಗಾಗ ಸೇರಿ, ಒಬ್ಬರಿಗೊಬ್ಬರು ಇದ್ದದ್ದನ್ನು ಇದ್ದ ಹಾಗೆ ಹೇಳಿ ತಿದ್ದಿಕೊಳ್ಳೋಣ ಅಂತ ಅವರ ಆಸೆ. ನೀವು ಆರು ಜನ ಇದ್ದೀರಿ. ಒಂಬತ್ತು ಆರಾಯಿತು ಅಂತ ಕೊರಗಬೇಡಿ.

ಸೇರುವ ರೀತಿಯಲ್ಲೂ ಕೆಲವು ಚಿಲ್ಲರೆ ವಿಷಯಗಳಿರುತ್ತವೆ. ಗುಂಪು ಒಡೆಯುವುದು ಹೆಚ್ಚಾಗಿ ಇವುಗಳಿಂದಲೇ, ದೇವರ ವಿಷಯಕ್ಕಲ್ಲ. ಕಿವಿ ಮಂದವಾದವರು ಉಳಿದವರಿಗಿಂತ ಒಂದು ಸಾಲು ಹಿಂದೆ, ಅದೂ ಗಟ್ಟಿಯಾಗಿ ಹೇಳುತ್ತಾರೆ. ಬೇರೆಯವರಿಗೆ ಕಿರಿಕಿರಿ. ಅವರನ್ನು ಮುಂದೆ ಹೇಳುವವರ ಎದುರಿಗೆ, ತುಟಿ ಕಾಣುವ ಹಾಗೆ ಕೂರಿಸಿ, ಅರ್ಧ ಸಮಸ್ಯೆ ಹೋಗುತ್ತದೆ. ವೇಗದ ಜಗಳವಂತೂ ಎಲ್ಲ ಕಡೆ ಇದೆ. ಒಬ್ಬರಿಗೆ ಹನ್ನೆರಡು ನಿಮಿಷದಲ್ಲಿ ಮುಗಿಯಬೇಕು, ಇನ್ನೊಬ್ಬರಿಗೆ ನಲವತ್ತು. ಉಸಿರು ಕಮ್ಮಿ ಇರುವವರು ಯಾರೋ ಅವರ ವೇಗವೇ ಗುಂಪಿನ ವೇಗ ಅಂತ ಇಟ್ಟುಕೊಳ್ಳಿ. ಮಂಡಿಯೂರುವ ಹಟ ಬೇಡ, ಕುರ್ಚಿ ಸಾಕು. ಪ್ರತಿ ರಹಸ್ಯಕ್ಕೂ ಬೇರೆ ಬೇರೆಯವರು ಮುಂದೆ ಹೇಳಲಿ. ಹದಿನಾರು ವರ್ಷದಿಂದ ಒಬ್ಬರೇ ಹೇಳುತ್ತಿದ್ದರೆ ಅವರಿಗೆ ಇದು ನೋವಾಗುತ್ತದೆ. ಆದರೂ ಮೆಲ್ಲಗೆ ಕೇಳಿ. ನಿಮಗೊಂದು ಲಾಭವೂ ಉಂಟು. ಮೂರನೇ ರಹಸ್ಯ ನೀವೇ ಮುಂದೆ ಹೇಳುವುದಾದರೆ ತೂಕಡಿಸುವುದು ಹೇಗೆ?

ಹಳೇ ಪದ್ಧತಿ ಬದಲಿಸಲು ಹಿಂಜರಿಕೆ ಇದ್ದರೆ ಸಂತ ಮೋನಿಕಾರನ್ನು ನೆನೆಯಿರಿ. ಆಫ್ರಿಕಾದಲ್ಲಿದ್ದಾಗ ರಕ್ತಸಾಕ್ಷಿಗಳ ಸಮಾಧಿಗೆ ಊಟ, ದ್ರಾಕ್ಷಾರಸ ತೆಗೆದುಕೊಂಡು ಹೋಗುವುದು ಅವರ ಹಳೆಯ ಅಭ್ಯಾಸ. ಮಿಲಾನ್‌ಗೆ ಬಂದಾಗ ಬಿಷಪ್ ಅಂಬ್ರೋಸ್ ಅದು ಬೇಡ ಅಂದಿದ್ದಾರೆ ಅಂತ ಗೊತ್ತಾಯಿತು. ಬುಟ್ಟಿ ಬಿಟ್ಟು ಪ್ರಾರ್ಥನೆ ಮಾತ್ರ ತೆಗೆದುಕೊಂಡು ಹೋದರು. ಜಗಳ ಮಾಡಲಿಲ್ಲ.

ಮೋನಿಕಾರ ಹೆಸರು ಬಂದ ಮೇಲೆ ನಿಮ್ಮ ಮಗನ ಮಾತು ತಡೆಯುವುದು ಬೇಡ. ಅವರ ಮಗ ಅಗಸ್ಟೀನ್ ಬೇರೆ ಪಂಥ ಸೇರಿ ಒಂಬತ್ತು ವರ್ಷ ಅಲ್ಲಿದ್ದರು. ಮೋನಿಕಾ ಒಬ್ಬ ಬಿಷಪ್ ಹತ್ತಿರ ಹೋಗಿ, ನೀವು ಅವನ ಜೊತೆ ವಾದ ಮಾಡಿ ತಿದ್ದಿ ಅಂತ ಗೋಗರೆದರು. ಬಿಷಪ್ ಒಪ್ಪಲಿಲ್ಲ. ಅವನು ಈಗ ಕೇಳುವ ಸ್ಥಿತಿಯಲ್ಲಿಲ್ಲ, ಬಿಟ್ಟುಬಿಡಿ, ಪ್ರಾರ್ಥಿಸಿ ಸಾಕು ಅಂದರು. ಮೋನಿಕಾ ಅಳುತ್ತಾ ಬಿಡದೆ ಪೀಡಿಸಿದಾಗ ಅವರಿಗೆ ಸ್ವಲ್ಪ ರೇಗಿತು. ಹೋಗಿ, ಇಷ್ಟು ಕಣ್ಣೀರಿನ ಮಗ ಹಾಳಾಗುವುದು ಸಾಧ್ಯವೇ ಇಲ್ಲ ಅಂದುಬಿಟ್ಟರು. ಎಲ್ಲರೂ ಕಣ್ಣೀರಿನ ಮಾತನ್ನಷ್ಟೇ ಹೇಳುತ್ತಾರೆ. ನನಗೆ ಮೊದಲ ಮಾತು ಮುಖ್ಯ. ವಾದ ಮಾಡಲು ಬಿಷಪ್ಪೇ ಒಪ್ಪಲಿಲ್ಲ. ಹಾಗಾಗಿ ಮಗ ಫೋನ್ ಮಾಡಿದಾಗಲೆಲ್ಲ ಚರ್ಚಿನ ವಿಷಯ ತೆಗೆಯಬೇಡಿ. ಅವನ ಕೆಲಸ, ಆರೋಗ್ಯ ಕೇಳಿ. 387ರ ಈಸ್ಟರ್ ಹೊತ್ತಿಗೆ ಅಗಸ್ಟೀನ್ ಜ್ಞಾನಸ್ನಾನ ಪಡೆದರು, ಅದೇ ವರ್ಷ ಮೋನಿಕಾ ತೀರಿಕೊಂಡರು. ಅವರಿಗೆ ಆಗ 56ನೇ ವರ್ಷ. ನಿಮಗಿಂತ ಚಿಕ್ಕವರು. ನಿಮ್ಮ ಮಗನ ವಿಷಯದಲ್ಲಿ ಏನಾಗುತ್ತದೆ, ಯಾವಾಗ ಆಗುತ್ತದೆ ಅಂತ ನಾನು ಭರವಸೆ ಕೊಡಲಾರೆ, ಯಾರೂ ಕೊಡಲಾರರು. ಆದರೆ ಪ್ರಾರ್ಥನೆ ನಿಮ್ಮ ಮನಸ್ಸಿಗೆ ತಟ್ಟುತ್ತದೋ ಇಲ್ಲವೋ ಅನ್ನುವುದಕ್ಕೂ ಅದು ಅವನಿಗೆ ತಲುಪುತ್ತದೋ ಇಲ್ಲವೋ ಅನ್ನುವುದಕ್ಕೂ ಸಂಬಂಧ ಇಲ್ಲ. ಮುಂದಿನ ಮಂಗಳವಾರ ಒಂದು ರಹಸ್ಯವನ್ನು ಅವನಿಗಾಗಿ ಅಂತ ಕೇಳಿಕೊಳ್ಳಿ. ಅರ್ಧ ನೀವು ಹೇಳಿ, ಅರ್ಧ ಅವರು ಹೇಳಲಿ.

ಕಡೆಗೆ ಆ ಇಬ್ಬರು. ನಿಮ್ಮ ಕಾಗದದಲ್ಲಿ ಅವರ ಬಗ್ಗೆ ಒಂದೇ ಸಾಲು ಇತ್ತು. ನನ್ನ ಮನಸ್ಸು ಅಲ್ಲೇ ನಿಂತಿತು.

ಮನೆಯಲ್ಲೇ ಉಳಿದವರಿಗೆ ಕೆಲವು ವಿಷಯ ಯಾರೂ ಹೇಳಿರುವುದಿಲ್ಲ. ಕಾಯಿಲೆಯಿಂದ ಭಾನುವಾರದ ಪೂಜೆಗೆ ಬರಲಾಗದಿದ್ದರೆ ಅದು ಪಾಪವಲ್ಲ. ಪರಮ ಪ್ರಸಾದವನ್ನು ಮನೆಗೇ ತಂದುಕೊಡುತ್ತಾರೆ, ಧರ್ಮಕೇಂದ್ರಕ್ಕೆ ತಿಳಿಸಬೇಕು ಅಷ್ಟೇ. ಅದನ್ನು ಸ್ವೀಕರಿಸುವ ಮುಂಚೆ ಒಂದು ಗಂಟೆ ಏನೂ ತಿನ್ನಬಾರದು ಅನ್ನುವ ನಿಯಮ ವಯಸ್ಸಾದವರಿಗೂ ರೋಗಿಗಳಿಗೂ ಇಲ್ಲ. ಅವರನ್ನು ನೋಡಿಕೊಳ್ಳುವವರಿಗೂ ಇಲ್ಲ. ನೀರು, ಔಷಧ ಯಾರಿಗೂ ತೊಡಕಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಉಪವಾಸದ ಕಟ್ಟು 59 ತುಂಬಿದವರಿಗೆ ಇಲ್ಲ. ಮಾಂಸ ಬಿಡುವುದು ಬೇರೆ, ಅದು ಇದ್ದೇ ಇದೆ. ರೋಗಿಗಳಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಅಭ್ಯಂಗ ಸಂಸ್ಕಾರ ಅಂದರೆ ಸಾಯುವ ಹೊತ್ತಿನದು ಅಂತ ಹೆದರುತ್ತಾರೆ. ಹಾಗಲ್ಲ. ದೊಡ್ಡ ಕಾಯಿಲೆ ಇಲ್ಲದೆ ಮುಪ್ಪಿನಿಂದಲೇ ಬಹಳ ಸೊರಗಿದವರೂ ಅದನ್ನು ಪಡೆಯಬಹುದು. ಸ್ಥಿತಿ ಇನ್ನೂ ಕೆಟ್ಟರೆ ಮತ್ತೊಮ್ಮೆ ಪಡೆಯಬಹುದು. ಇದನ್ನೆಲ್ಲ ಅವರಿಗೆ ನೀವೇ ಹೋಗಿ ಹೇಳಿ, ಫೋನಿನಲ್ಲಿ ಬೇಡ.

ಅವರನ್ನು ಗುಂಪಿಗೆ ಮತ್ತೆ ಸೇರಿಸಿಕೊಳ್ಳುವ ದಾರಿಯನ್ನು ಸುಮಾರು 200 ವರ್ಷದ ಹಿಂದೆಯೇ ಒಬ್ಬ ಹೆಣ್ಣುಮಗಳು ಹುಡುಕಿಟ್ಟಿದ್ದಾಳೆ. ಫ್ರಾನ್ಸಿನ ಲಿಯೋನ್ ನಗರದ ಪೌಲೀನ್ ಜರಿಕೊ. ಸಿಸ್ಟರ್ ಅಲ್ಲ, ನಿಮ್ಮ ಹಾಗೆ ಮನೆಯಲ್ಲಿದ್ದವಳು. 1826ರಲ್ಲಿ ಅವಳು "ಜೀವಂತ ಜಪಸರ" ಅಂತ ಶುರು ಮಾಡಿದಳು. ಆಗ ಜಪಸರದ ರಹಸ್ಯಗಳು 15. ಅದಕ್ಕೆ 15 ಜನರ ಒಂದು ಗುಂಪು. ತಿಂಗಳಿಗೊಮ್ಮೆ ಚೀಟಿ ಎತ್ತಿ ಒಬ್ಬೊಬ್ಬರಿಗೆ ಒಂದು ರಹಸ್ಯ. ತಮಗೆ ಬಂದ ಒಂದೇ ಒಂದು ರಹಸ್ಯವನ್ನು ದಿನಾ ತಮ್ಮ ತಮ್ಮ ಮನೆಯಲ್ಲಿ ಹೇಳಿದರಾಯಿತು. ದಿನವೂ ಇಡೀ ಜಪಸರ ಪೂರ್ತಿಯಾಗುತ್ತದೆ, ಯಾರಿಗೂ ಭಾರವಿಲ್ಲ. ಒಬ್ಬೊಬ್ಬರೂ ಒಂದೊಂದು ಮಣಿ. 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬೆಳಕಿನ ಐದು ರಹಸ್ಯ ಸೇರಿಸಿದ ಮೇಲೆ 20 ಜನರ ಗುಂಪುಗಳೂ ಆದವು. ಪೌಲೀನಳನ್ನು 2022ರಲ್ಲಿ ಅದೇ ಲಿಯೋನ್‌ನಲ್ಲಿ ಧನ್ಯಳೆಂದು ಘೋಷಿಸಿದರು.

ನಿಮ್ಮದು ಎಂಟು ಜನರ ಗುಂಪು, ಆರಲ್ಲ. 15 ಜನರಿಗೆ ಕಾಯಬೇಡಿ. ಆ ದಿನದ ಐದು ರಹಸ್ಯ ತೆಗೆದುಕೊಳ್ಳಿ. ಮೂರನ್ನು ಇಬ್ಬಿಬ್ಬರಿಗೆ ಕೊಡಿ, ಎರಡನ್ನು ಒಬ್ಬೊಬ್ಬರಿಗೆ. ಲೆಕ್ಕ ಸರಿಹೋಗುತ್ತದೆ. ಬರಲಾರದ ಆ ಇಬ್ಬರ ಜೊತೆಗೆ ಬರುವವರಲ್ಲಿ ಒಬ್ಬೊಬ್ಬರನ್ನು ಜೋಡಿ ಮಾಡಿ. ವಾರಕ್ಕೊಂದು ಸಲ ಆ ಜೋಡಿ ಫೋನಿನಲ್ಲೇ ಒಟ್ಟಿಗೆ ಹೇಳಲಿ, ಒಬ್ಬರು ಮೊದಲರ್ಧ, ಇನ್ನೊಬ್ಬರು ಉಳಿದರ್ಧ. ಚೀಟಿಗಳನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಆ ಇಬ್ಬರ ಪಾಲಿನ ಚೀಟಿಯನ್ನು ಅವರ ಕೈಯಿಂದಲೇ ಎತ್ತಿಸಿ. ಅದಕ್ಕಾಗಿ ಸೋಮವಾರ ಸಂಜೆಯೇ ಅವರ ಮನೆಗೆ ಹೋಗಬೇಕಾಗುತ್ತದೆ. ಬಾಗಿಲಲ್ಲಿ ನಿಂತು ಮೊದಲು ನೀವೇ ನಮಸ್ಕಾರ ಹೇಳಿ.